ಓ ದರ್ಜೆಯ ಹೋರಿ

ಕೈಗವಸಿನೊಳಗೆ ಹೆಬ್ಬೆರಳು ಮರಗಟ್ಟಿದೆ, ಶೀತಕೋಣೆಯ ಬಾಗಿಲನ್ನು ಯಾರೋ ಸರಿಯಾಗಿ ಮುಚ್ಚಿಲ್ಲ — ಸುಲಿದು ಸೀಳಿದ ಎರಡು ಹೋರಿಗಳು ನಿನ್ನೆಯಿಂದ ಕೊಕ್ಕೆಯಲ್ಲಿ ಪಕ್ಕಪಕ್ಕದಲ್ಲೇ ತೂಗುತ್ತಿವೆ, ಎಡಗಡೆಯದು ಅಪ್ಪನ ಫ್ರೀಷಿಯನ್, ಹಾಲಿನ ತಳಿ, ಬಲಗಡೆಯದು ಪಕ್ಕದ ಹೊಲದ ಟರ್ಲೋನ ಶಾರೊಲೆ, ಮಾಂಸಕ್ಕೆಂದೇ ಇರುವ ತಳಿ, ತೊಡೆ ನೋಡಿದರೆ ಇನ್ನೊಂದು ತೊಡೆಯನ್ನು ಅದರ ಮೇಲೇ ಕೂರಿಸಿ ಹೊಲಿದಂತಿದೆ. ಹಾಲಿನ ಹಸು ಗಂಡು ಹೆತ್ತರೆ ಹತ್ತನೇ ದಿನ ಕಸಾಯಿಗೆಂದು ಲಾರಿ ಹತ್ತಿಸುವುದು ನಮ್ಮ ರಾಸ್ಕಾಮನ್ ಸೀಮೆಯಲ್ಲಿ ಎಲ್ಲರ ರೂಢಿ, ಅಪ್ಪನಿಗೆ ಹಟ, ಇದೊಂದನ್ನು ಎರಡು ವರ್ಷ ಸಾಕಿದ, ಟರ್ಲೋ ಬೇಲಿಗೆ ಒರಗಿ ನಗುತ್ತಿದ್ದ, ಕೋಲ್ಮನ್, ನಿನ್ ಹೋರಿ ಸೊಂಟದ ಮೂಳೆಗೆ ಕೋಟು ನೇತುಹಾಕ್ಬಹುದಲ್ಲೋ, ಅಪ್ಪ ಕೆಂಪಾಗಿ, ಕಸಾಯಿಖಾನೇಲಿ ನೋಡೋಣ ಬಾರೋ, ನನ್ ಮಗಳೇ ಅಲ್ಲಿದಾಳೆ ಎಂದುಬಿಟ್ಟ. ನಾನು ಅಲ್ಲಿರುವುದೇ ಕಷ್ಟವಾಯಿತು, ಸೀಳಿದ ದೇಹದ ಮೈಕಟ್ಟು ನೋಡಿ ದರ್ಜೆ ಹಾಕುವ ಕೆಲಸ ನನ್ನದು. ದರ್ಜೆ ಹಾಕುವ ಕ್ಯಾಮೆರಾ ನಿನ್ನೆ ಕೆಟ್ಟಿತ್ತು, ಕಣ್ಣಳತೆಯಲ್ಲೇ ಹಾಕಬೇಕು, ಜೊತೆಯವಳು ರಜೆ, ದೇಹಕ್ಕೆ ಹೆಸರಿಲ್ಲ, ಬರೀ ಸಂಖ್ಯೆ, ಆದರೂ ಆ ಚೂಪು ಮೂಳೆಯನ್ನು ಗುರುತಿಸಿದೆ, ಗುಳಿಬಿದ್ದ ತೊಡೆ, ಹಳದಿ ಕೊಬ್ಬು — ಮೇಲಿನ ಗಾಜಿನಾಚೆ ಟೋಪಿ ಕೈಯಲ್ಲಿ ಹಿಡಿದು ಅಪ್ಪ. ಉತ್ತಮ ಮೈಕಟ್ಟಿಗೆ ಇ, ಆಮೇಲೆ ಯು, ಆರ್, ಓ, ಬಡಕಲಿಗೆ ಪಿ. ಬೆರಳು ಆರ್ ಗುಂಡಿಯ ಮೇಲೆ ನಿಂತಿತ್ತು, ಒತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಓ ಒತ್ತಿದೆ. ಟರ್ಲೋನದಕ್ಕೆ ಯು. ಹೊರಗೆ ಅಪ್ಪ ಕೇಳಿದ, ನೀನೇ ಹಾಕಿದ್ದಾ ಸೋರ್ಖಾ? ಹೂಂ ಅಪ್ಪ, ನಾನೇ. ಟೋಪಿ ಹಾಕಿಕೊಂಡ, ಸರಿ ಬಿಡು, ಸೋಮವಾರದ ಲಾರಿಗೆ ಈ ವರ್ಷ ಇಟ್ಕೊಂಡಿರೋ ಆರೂ ಗಂಡು ಕರು ಹತ್ತಿಸ್ತೀನಿ, ಅಷ್ಟೇ ಹೇಳಿ ಹೋದ, ತನ್ನದರ ದರ್ಜೆ ನೋಡಲು ಬಂದಿದ್ದ ಟರ್ಲೋ ಕೂಡ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಈ ಬೆಳಿಗ್ಗೆ ಪಕ್ಕೆಲುಬಿನ ನಡುವೆ ಕೊಯ್ದರು, ಎರಡರ ಬೆನ್ನಿನ ಮಾಂಸವೂ ತೆರೆದುಕೊಂಡಿತು, ಶಾರೊಲೆಯದು ಅಗಲ, ಕೆಂಪು, ಬರೀ ಕೆಂಪು. ಅಪ್ಪನದು ಚಿಕ್ಕದು, ಆದರೆ — ಹತ್ತು ವರ್ಷದಿಂದ ಹೊರಮೈಯನ್ನಷ್ಟೇ ನೋಡಿ ಅಕ್ಷರ ಹಾಕಿದವಳು ನಾನು, ನಾಲಿಗೆಗೆ ರುಚಿ ಕೊಡುವುದು ಮಾಂಸದೊಳಗೇ ಹರಡಿಕೊಳ್ಳುವ ಈ ಒಳಕೊಬ್ಬು ಎಂದು ಗೊತ್ತಿದ್ದೂ. ಫೋನ್ ಮಾಡಿದೆ, ಈಗ್ಲೇ ಬಾ ಅಪ್ಪ ಎಂದೆ, ಬಂದ, ಬಿಳಿ ಕೋಟು ಮೊಣಕಾಲಿನ ಕೆಳಗೂ ಇಳಿದಿದೆ, ಈಗ ಪಕ್ಕದಲ್ಲಿ ನಿಂತು ನೋಡುತ್ತಿದ್ದಾನೆ, ಒಂದನ್ನು, ಮತ್ತೊಂದನ್ನು, ಮತ್ತೆ ತನ್ನದನ್ನು. ಈ ಒಳಗಿನದಕ್ಕೆ ಯಾವ ಅಕ್ಷರ ಕೊಡ್ತೀರಮ್ಮ? ಇದಕ್ಕೆ ಅಕ್ಷರ ಇಲ್ಲಪ್ಪ. ಅಕ್ಷರವೇ ಇಲ್ವಾ? ಇಲ್ಲ. ಎರಡು ಕರುನಾದ್ರೂ ಉಳಿಸ್ಕೊಳ್ಳಲಾ ಎಂದು ಗೊಣಗಿದ, ನನಗೋ ಹೋರಿಗೋ, ಉತ್ತರಕ್ಕೆ ಕಾಯಲಿಲ್ಲ — ಅವನ ಬರಿ ಬೆರಳು ಮುಟ್ಟದೆ ಮಾಂಸದ ಮೇಲೆಯೇ ತೇಲುತ್ತಿದೆ, ಅದರಡಿ ಕೆಂಪಿನಲ್ಲಿ ಬಿಳಿ ಎಳೆಗಳು, ಕೂದಲಿಗಿಂತ ಸಪೂರ, ಕವಲೊಡೆದು, ಮತ್ತೆ ಕವಲೊಡೆದು, ಕೆಂಪಿನಲ್ಲಿ ಬಿಳಿ ಎಳೆಗಳು, ಬಿಳಿ ಎಳೆಗಳು