ಸಾಹೇಬರು ಕುಂತರಷ್ಟೇ ಕುದಿಯುವ ಗಾಡಿ

ಮೋಟೆಬೆನ್ನೂರಿನ ಹೆದ್ದಾರಿ ಬದಿಗೆ ವರ್ತಕರ ಸಂಘ ಕಟ್ಟಿಸಿದ ಏಳು ಅಂಗಡಿಗಳಿವೆ. ಕಡೆಯದು ದಿಲನಾಜಳ ಗ್ಯಾರೇಜು. ಗಾಡಿಗಳ ವೈರಿಂಗು, ಫ್ಯಾನು, ಏಸಿ ಅಲ್ಲಿಯ ಕೆಲಸ. ಅಪ್ಪ ಮಲಂಗಸಾಬನ ಕೈ ನಡುಗಲು ಶುರುವಾದ ಮೇಲೆ, ಎಂಟು ವರ್ಷದಿಂದ, ನಟ್ಟು ಬಿಚ್ಚುವ ಪಾನಾ ಹಿಡಿದವಳು ಅವಳೇ. ಆದರೂ ಹೊಸಬರು ಬಂದರೆ ಅವಳ ತಲೆಯ ಮೇಲಿಂದ ಒಳಗೆ ಇಣುಕಿ, "ಮಿಸ್ತ್ರಿ ಎಲ್ಲಿ ಹೋಗ್ಯಾನವಾ?" ಎಂದು ಕೇಳುತ್ತಾರೆ.

"ಚಾ ಕುಡ್ಯಾಕ ಹೋಗ್ಯಾನ್ರಿ. ಅಂವ ಬರೂದ್ರಾಗ ನಾನ ಮಾಡಿ ಮುಗಿಸಿರ್ತೇನಿ, ಬರ್ರಿ" ಎನ್ನುತ್ತಾಳೆ.

ಆ ಸೋಮವಾರ ಬಂದವರು ಹೊಸಬರಲ್ಲ. ಸಂಘದ ಅಧ್ಯಕ್ಷ ಅಣ್ಣಾಜಿ, ಕಾರ್ಯದರ್ಶಿ ಸುಭಾಷನ ಬೈಕಿನ ಹಿಂದೆ ಕೂತು ಬಂದಿದ್ದ. ಅವನ ಬಿಳಿ ಗಾಡಿಯನ್ನು ಡ್ರೈವರ್ ಹೊಳಿಯಪ್ಪ ಆಗಲೇ ತಂದು ನಿಲ್ಲಿಸಿದ್ದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ, ಎರಡು ಸಂಘಗಳಲ್ಲಿ ಕುರ್ಚಿ, ಎಲ್ಲಿ ಹೋದರೂ ಶಾಲು. ಅಂಥ ಮನುಷ್ಯ ಬೈಕಿನ ಹಿಂದೆ ಕೂತು ಬರಬೇಕಾಗಿ ಬಂದದ್ದೇ ಅವನ ಅರ್ಧ ಸಿಟ್ಟಿಗೆ ಕಾರಣವಾಗಿತ್ತು.

"ಮೂರು ತಿಂಗಳಾಗ ಎರಡು ಫ್ಯಾನ್ ಹಾಕೀದಿ. ಒಂದು ಸುಟ್ಟು ಹೋತು. ಈಗ ಎರಡನೇದು ತಿರಗ್ತದ, ಆದ್ರೂ ಗಾಡಿ ಕುದೀತದ. ಎರಡೂ ಡೂಪ್ಲಿಕೇಟು" ಎಂದ ಅಣ್ಣಾಜಿ.

"ಕಂಪನಿ ಮಾಲರಿ ಸಾಹೇಬ್ರ. ಡಬ್ಬಿ ಇನ್ನೂ ಇಲ್ಲೇ ಅದಾವು, ನೋಡ್ರಿ."

"ಡಬ್ಬಿ ಕಂಪನೀದ ಇದ್ದೀತು. ಒಳಗಿಂದು ನಿಮ್ಮದು."

ಆ ನಿಮ್ಮದು ಎಂಬ ಮಾತಿನಲ್ಲಿ ಎಷ್ಟು ಜನರನ್ನು ಸೇರಿಸಿ ಹೇಳಿದ್ದಾನೆಂದು ದಿಲನಾಜಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಒಳಗೆ ಸ್ಟೂಲಿನ ಮೇಲೆ ಕೂತ ಮಲಂಗಸಾಬ ತಲೆ ತಗ್ಗಿಸಿದ.

"ರವಿವಾರ ಸಂಘದ ಮೀಟಿಂಗ್ ಅದ. ಅಂಗಡಿ ಕರಾರು ಹೊಸಾದು ಮಾಡೂದದ" ಎಂದ ಅಣ್ಣಾಜಿ. "ಅಷ್ಟರಾಗ ಗಾಡಿ ಸರಿ ಆಗಬೇಕು. ಇಲ್ಲಂದ್ರ ಈ ಅಂಗಡಿ ಕೇಳೂ ಮಂದಿ ಭಾಳ ಅದಾರ."

ಗಾಡಿ ಸರಿಯಾದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ದಿಲನಾಜ ಬಾನೆಟ್ ಎತ್ತಿದಳು.

ಎಂಜಿನ್ ಕಾಯಲು ಇರುವ ಕಾರಣಗಳೇನೂ ಲೆಕ್ಕವಿಲ್ಲದಷ್ಟಲ್ಲ. ಒಂದೊಂದನ್ನೇ ಹಿಡಿದು ನೋಡುತ್ತ ಹೋದರೆ ತಪ್ಪಿತಸ್ಥ ಸಿಗಲೇಬೇಕು. ಎಂಜಿನ್ ತಂಪಿಡುವ ಕೂಲಂಟ್ ನೋಡಿದಳು, ತುಂಬಿತ್ತು. ಪೈಪುಗಳನ್ನು ಬೆರಳಿಂದ ಒತ್ತಿ ಸವರಿದಳು, ಎಲ್ಲೂ ಹಸಿ ಇಲ್ಲ. ರೇಡಿಯೇಟರಿನ ಮುಚ್ಚಳದ ರಬ್ಬರು ಗಟ್ಟಿಯಾಗಿತ್ತು. ಥರ್ಮೋಸ್ಟಾಟ್ ವಾಲ್ವನ್ನು ಬಿಚ್ಚಿ, ಸ್ಟವ್ ಮೇಲೆ ನೀರು ಕುದಿಸಿ ಅದರಲ್ಲಿ ಬಿಟ್ಟಳು. ಅದು ಬೇಕಾದ ಕಾವಿಗೆ ಸರಿಯಾಗಿ ಬಾಯಿ ತೆರೆಯಿತು. ಫ್ಯಾನಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟಳು, ಭರ್ರನೆ ತಿರುಗಿತು. ಮುಂದಿನ ಜಾಳಿಗೆಯ ಎದುರು ಪೇಪರಿನ ಹಾಳೆಯೊಂದನ್ನು ಹಿಡಿದಳು. ಹಾಳೆ ಜಾಳಿಗೆಗೆ ಹೋಗಿ ಅಂಟಿಕೊಂಡಿತು. ಅಂದರೆ ಫ್ಯಾನು ಗಾಳಿಯನ್ನು ಸರಿಯಾಗಿ ಒಳಗೆ ಎಳೆಯುತ್ತಿದೆ.

ಕಡೆಗೆ ಕಂಪ್ರೆಸರಿನ ಗಾಳಿ ಹೊಡೆದಳು. ಬ್ಯಾಡಗಿ ಮಾರ್ಕೆಟಿನಲ್ಲಿ ನಿಂತು ನಿಂತು ರೇಡಿಯೇಟರಿನ ಸಂದಿಯಲ್ಲಿ ಕೂತಿದ್ದ ಮೆಣಸಿನಕಾಯಿ ಧೂಳು ಕೆಂಪು ಮೋಡವಾಗಿ ಎದ್ದಿತು. ಪಕ್ಕದ ಚಹಾದಂಗಡಿಯಿಂದ ಸೀನು, ಬೈಗುಳ ಒಟ್ಟಿಗೇ ಬಂದವು.

"ಸಾಹೇಬ್ರ ಗಾಡಿ ಸಾಹೇಬ್ರಂಗ ಐತಿ ನೋಡಕ್ಕ" ಎಂದ ಹೊಳಿಯಪ್ಪ, ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು. "ಮುಟ್ಟಿದವರ ಕಣ್ಣಾಗ ನೀರು."

ಆ ಧೂಳೇ ಕಳ್ಳ ಎಂದುಕೊಂಡಳು. ಹೊಳಿಯಪ್ಪನ ಜೊತೆ ಅದೇ ಗಾಡಿಯಲ್ಲಿ ರಾಣೇಬೆನ್ನೂರಿಗೆ ಹೋಗಿ ಬಂದಳು. ಮಂಗಳವಾರ ಹಾವೇರಿಗೆ, ಏಸಿ ಪೂರ್ತಿ ಹಾಕಿ. ಹೀಟಿನ ಮುಳ್ಳು ನಡುಮಧ್ಯದಿಂದ ಕೂದಲೆಳೆಯಷ್ಟೂ ಏಳಲಿಲ್ಲ.

ಬುಧವಾರ ಅಣ್ಣಾಜಿ ಒಂದು ಉದ್ಘಾಟನೆಗೆಂದು ಅದೇ ಗಾಡಿಯಲ್ಲಿ ಮೇಡ್ಲೇರಿಗೆ ಹೊರಟ. ದಾರಿಯ ನಡುವೆ ಬಾನೆಟ್ಟಿನಿಂದ ಹಬೆ ಎದ್ದಿತು. ಹೊಳಿಯಪ್ಪ ಫೋನ್ ಮಾಡಿ ಪಿಸುಗುಟ್ಟಿದ: "ಮತ್ತ ಕುದೀತಕ್ಕ. ಸಾಹೇಬ್ರು ಹೊಲದ ಬದುವಿನ ಮ್ಯಾಲ ಶಾಲು ಹೊತಗೊಂಡು ನಿಂತಾರ. ಸನಿಹ ಹೋಗಾಕ ಅಂಜಿಕಿ ಬರಾಕತ್ತೈತಿ."

ಸಂಜೆ ಮಲಂಗಸಾಬ ಮಗಳಿಗೆ ಹೇಳಿದ: "ಇನ್ನೊಂದು ಹೊಸಾ ಫ್ಯಾನ್ ಹಾಕಿಬಿಡು. ತಪ್ಪಾತು ಅನ್ನು. ಅಂಗಡಿ ಉಳೀಲಿ."

"ಫ್ಯಾನ್ ಛಲೋ ಐತಿ ಅಬ್ಬಾ. ಛಲೋ ಇದ್ದದ್ದನ್ನ ಕಿತ್ತರ, ಡೂಪ್ಲಿಕೇಟ್ ಹಾಕಿದ್ದು ಖರೇ ಅಂತ ನಾನ ಬರಕೊಟ್ಟಂಗ."

"ಖರೇದಾಗ ಅಂಗಡಿ ಇಟಗೊಳ್ಳಾಕ ಬರೂದಿಲ್ಲ ಮಗಳ. ಅಂಗಡಿ ಕಟ್ಟಿಸಿದವರು ಅವರು."

ಅವಳು ಫ್ಯಾನಿಗೆ ಕೈ ಹಚ್ಚಲಿಲ್ಲ. ಮರುದಿನ ಹೊಳಿಯಪ್ಪನನ್ನು ಕೂಡಿಸಿಕೊಂಡು, ಡಾಕ್ಟರು ರೋಗಿಯ ಮನೆಯವರನ್ನು ಕೇಳುವಂತೆ ಕೇಳಿದಳು.

"ಹೊಳಿಯಪ್ಪಣ್ಣ, ನೀ ಒಬ್ಬನ ಇದ್ದಾಗ ಒಮ್ಮೆನಾದ್ರೂ ಕುದ್ದೈತೇನು?"

"ಇಲ್ಲ."

"ಸಾಹೇಬ್ರು ಕುಂತಾಗ?"

"ಪ್ರತಿ ಸಲ. ಅವರು ಎರಡನೇ ಸಂಘಕ್ಕ ಅಧ್ಯಕ್ಷರಾದಾಗಿಂದ ಹಣೇಬರಾ ಹಿಂಗ ಐತಿ."

"ಅವರಿದ್ದಾಗ ಏಸಿ ಹೆಚ್ಚು ಇಡ್ತೀಯೇನು?"

"ನಾನೂ ಫುಲ್ ಇಡ್ತೇನಿ. ಅವರು ಇಲ್ಲದಾಗ ನಾನ ಸಾಹೇಬ."

"ಮತ್ತ ಅವರ ತೂಕಕ್ಕೇನು?"

"ತೂಕಕ್ಕ ಕುದಿಯೂದಾದ್ರ ಈ ಜಿಲ್ಲಾದಾಗಿನ ಅಧ್ಯಕ್ಷರ ಗಾಡಿ ಎಲ್ಲಾ ರೋಡಿನ್ಯಾಗ ನಿಲ್ಲಬೇಕಿತ್ತಕ್ಕ!"

ಇಬ್ಬರೂ ನಕ್ಕರು. ಆದರೆ ದಿಲನಾಜಳ ತಲೆಯಲ್ಲಿ ಒಂದೇ ಮಾತು ಕೂತಿತು. ಸಾಹೇಬರು ಕುಂತಾಗ ಈ ಗಾಡಿಗೆ ಏನೋ ಒಂದು ಆಗುತ್ತದೆ, ಅದು ಗ್ಯಾರೇಜಿಗೆ ಬರುವುದಿಲ್ಲ. ಹಾಗಿದ್ದರೆ ಅದನ್ನು ಸಾಹೇಬರ ಅಂಗಳದಲ್ಲೇ ನೋಡಬೇಕು.

ಸುಭಾಷನಿಗೆ ಫೋನ್ ಮಾಡಿ, ಸಾಹೇಬರು ಹೊರಟಾಗ ತಾನೂ ಮುಂದಿನ ಸೀಟಿನಲ್ಲಿ ಕೂತು ಮುಳ್ಳು ನೋಡಿಕೊಂಡು ಬರುತ್ತೇನೆ ಎಂದಳು. ಸುಭಾಷ, "ಸಾಹೇಬ್ರ ಗಾಡಿಯಾಗ ನೀ ಕುಂತರ ಮಂದಿ ಏನಂತಾರು?" ಎಂದ. ಅವಳು ಬಾನೆಟ್ಟಿನೊಳಗೆ ಮೊಣಕೈವರೆಗೆ ಕೈ ಹಾಕಬಹುದು, ಎಂಜಿನ್ನಿನ ಎದೆಯನ್ನೇ ಬಿಚ್ಚಿಡಬಹುದು. ಸೀಟಿನ ಮೇಲೆ ಮಾತ್ರ ಕೂರಬಾರದು.

ಶನಿವಾರ ಬೆಳಿಗ್ಗೆ ತನ್ನ ಸ್ಕೂಟಿ ಹೊಡೆದುಕೊಂಡು ಬ್ಯಾಡಗಿಯ ಅಣ್ಣಾಜಿಯ ಮನೆಯ ಮುಂದೆ ಹೋಗಿ ನಿಂತಳು. ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕೆಲಸ ಹೇಳಿಕೊಳ್ಳಲು ಬಂದು ಕೂತಿದ್ದರು. ಹೊಳಿಯಪ್ಪ ಎಂಜಿನ್ ಚಾಲೂ ಮಾಡಿ ಏಸಿ ಹಚ್ಚಿ ಇಟ್ಟಿದ್ದ. ಸಾಹೇಬರು ಕೂರುವಷ್ಟರಲ್ಲಿ ಒಳಗೆ ತಣ್ಣಗಾಗಿರಬೇಕು. ಅಣ್ಣಾಜಿ ಬಾಗಿಲಿಗೆ ಬಂದದ್ದೇ ತಡ, ಹೊಳಿಯಪ್ಪ ಡಿಕ್ಕಿ ತೆರೆದು, ಟವೆಲ್ಲಿನಲ್ಲಿ ಸುತ್ತಿದ್ದ ಅಗಲವಾದ ವಸ್ತುವೊಂದನ್ನು ಎರಡೂ ಕೈಯಿಂದ ಎತ್ತಿ ತಂದು, ಮುಂದಿನ ಜಾಳಿಗೆಯ ಎರಡು ಕೊಕ್ಕೆಗಳಿಗೆ ತೂಗುಹಾಕಿದ.

ಅದು ಬೋರ್ಡು. ಕೆಂಪು ತಗಡಿನ ಮೇಲೆ ಹಿತ್ತಾಳೆಯ ಅಕ್ಷರ. ಮೇಲೆ ಹೆಸರು, ಕೆಳಗೆ ಒಂದು ಸಂಘದ ಅಧ್ಯಕ್ಷರು, ಅದರ ಕೆಳಗೆ ಇನ್ನೊಂದು ಸಂಘದ ಅಧ್ಯಕ್ಷರು, ಅದರ ಕೆಳಗೆ ಎರಡು ಸಾಲು ಮಾಜಿ. ಗಾಡಿಯ ಮುಖದ ಮೇಲೆ ಮೂಗು, ಬಾಯಿ ಏನೂ ಕಾಣದಂತೆ ಅದು ಕೂತಿತು.

ಆ ಕೊಕ್ಕೆಗಳನ್ನು ದಿಲನಾಜ ಐದಾರು ಸಲ ನೋಡಿದ್ದಳು. ಆಯುಧಪೂಜೆಗೆ ಹೂವಿನ ಹಾರ ಕಟ್ಟಲು ಹಾಕಿಸಿದ್ದಾರೆ ಎಂದುಕೊಂಡು ಬಿಟ್ಟಿದ್ದಳು. ಸಾಹೇಬರು ಗಾಡಿಯಲ್ಲಿಲ್ಲದಾಗ ಬೋರ್ಡು ಕಾಣಬಾರದು, ಬಿಚ್ಚಿ ಡಿಕ್ಕಿಯಲ್ಲಿಡಬೇಕು ಎಂಬುದು ದೊಡ್ಡವರ ಗಾಡಿಯ ರೀತಿ. ಹೊಳಿಯಪ್ಪ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಬೋರ್ಡು ಸಾಹೇಬರದು, ಗಾಡಿಯದಲ್ಲ ಎಂದು ತಿಳಿದಿದ್ದ ಅವನಿಗೆ, ಮಿಸ್ತ್ರಿಗೆ ಅದರ ಸುದ್ದಿ ಹೇಳಬೇಕೆಂದು ಹೊಳೆದೇ ಇರಲಿಲ್ಲ.

ದಿಲನಾಜ ಚೀಲದಿಂದ ಹಾಳೆ ತೆಗೆದು ಬೋರ್ಡಿನ ಮುಂದೆ ಹಿಡಿದು ಬಿಟ್ಟಳು. ಹಾಳೆ ನೆಲಕ್ಕೆ ಬಿತ್ತು. ಬೋರ್ಡನ್ನು ಕೊಕ್ಕೆಯಿಂದ ಎತ್ತಿ ಬದಿಗಿಟ್ಟು ಮತ್ತೆ ಹಿಡಿದಳು. ಹಾಳೆ ಪಟ್ಟನೆ ಜಾಳಿಗೆಗೆ ಅಂಟಿತು.

ಐದು ದಿನದಿಂದ ಹುಡುಕಿದ್ದು ಸಿಕ್ಕಾಗ ಕಸುಬಿನವರಿಗೆ ಆಗುವ ಖುಷಿಗೆ ಜಾಗ ಹೊತ್ತು ತಿಳಿಯುವುದಿಲ್ಲ. ಅವಳು ಕೂಗಿಯೇಬಿಟ್ಟಳು: "ಸಿಕ್ತ್ರಿ ಸಾಹೇಬ್ರ! ನಿಮ್ಮ ಬೋರ್ಡ ಗಾಳಿ ತಡದೈತಿ! ಗಾಳಿ ಸಿಗದ ಫ್ಯಾನು ಬಿಡುವಿಲ್ಲದ ತಿರುಗಿ ತಿರುಗಿ ಸುಟ್ಟೈತಿ. ಬೋರ್ಡ್ ತಗದ್ರ ಗಾಡಿ ಎಂದೂ ಕುದಿಯೂದಿಲ್ಲ!"

ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಬೀಡಿ ಕೆಳಗಿಳಿಸಿ, "ಹಂಗನ್ನು ಮತ್ತ! ನಮಗೂ ಇಷ್ಟು ವರ್ಷ ಧಗಿ ಆಗಿದ್ದು ಅದಕ್ಕ" ಎಂದ.

ಇಡೀ ಕಟ್ಟೆ ನಕ್ಕಿತು. ಕೆಲಸ ಕೇಳಲು ಬಂದವರು, ಕೈ ಮುಗಿಯಲು ಬಂದವರು, ಎಲ್ಲರೂ ನಕ್ಕರು. ಒಂದೇ ಗಳಿಗೆ. ಅಣ್ಣಾಜಿಯ ಮುಖ ನೋಡಿ ಎಲ್ಲರೂ ಒಟ್ಟಿಗೇ ಬಾಯಿ ಮುಚ್ಚಿದರು.

ಅಣ್ಣಾಜಿ ಮೆಟ್ಟಿಲಿಳಿದು ಹೊಳಿಯಪ್ಪನ ಮುಂದೆ ನಿಂತ. "ಏನಲೇ, ಬೋರ್ಡ್ ಇಲ್ಲದಾಗ ಗಾಡಿ ಕುದ್ದಿಲ್ಲೇನು?"

ಹೊಳಿಯಪ್ಪ ದಿಲನಾಜಳ ಕಡೆ ನೋಡಲಿಲ್ಲ. ನೆಲ ನೋಡಿದ.

"ಒಮ್ಮೊಮ್ಮೆ ಕುದೀತಿತ್ರಿ, ಸಾಹೇಬ್ರ."

"ಕೇಳಿದಿರಲ್ಲಾ?" ಎಂದ ಅಣ್ಣಾಜಿ ಕಟ್ಟೆಯ ಕಡೆ ತಿರುಗಿ. "ಡೂಪ್ಲಿಕೇಟ್ ಮಾಲ್ ಹಾಕಿ, ತಪ್ಪು ನನ್ನ ಹೆಸರಿನ ಮ್ಯಾಲ ಹೊರಸಾಕ ಬಂದಾಳ." ಬೋರ್ಡನ್ನು ತಾನೇ ಎತ್ತಿ ಕೊಕ್ಕೆಗೆ ಹಾಕಿದ.

"ಹೊಳಿಯಪ್ಪಣ್ಣ," ಎಂದಳು ದಿಲನಾಜ, "ಮೊನ್ನೆ ನನಗೇನು ಹೇಳಿದಿ?"

ಹೊಳಿಯಪ್ಪ ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡ.

ರವಿವಾರದ ಮೀಟಿಂಗಿನಲ್ಲಿ ಆರು ಅಂಗಡಿಗಳ ಕರಾರು ಹೊಸದಾಯಿತು. ಸಂಜೆಯ ಹೊತ್ತಿಗೆ ಊರಿನ ವಾಟ್ಸ್ಯಾಪ್ ಗುಂಪುಗಳಲ್ಲಿ, ಮೋಟೆಬೆನ್ನೂರಿನ ಕಡೆಯ ಅಂಗಡಿಯಲ್ಲಿ ನಕಲಿ ಫ್ಯಾನು ಹಾಕುತ್ತಾರೆ, "ಅವರ" ಕೈಗೆ ಗಾಡಿ ಕೊಡುವ ಮುನ್ನ ಯೋಚಿಸಿರಿ ಎಂಬ ಸಂದೇಶ ಓಡಾಡಿತು. ಬರೆದವರ ಹೆಸರು ಅದರಲ್ಲಿರಲಿಲ್ಲ. ಹಿತ್ತಾಳೆಯಲ್ಲಿ ಹೆಸರು ಕೆತ್ತಿಸುವವರು ಇಂಥದಕ್ಕೆ ಹೆಸರು ಹಾಕುವುದಿಲ್ಲ.

ಸೋಮವಾರ ಬೀಗದ ಕೈ ತೆಗೆದುಕೊಳ್ಳಲು ಸುಭಾಷ ಅದೇ ಬಿಳಿ ಗಾಡಿಯಲ್ಲಿ ಬಂದ. ಹಿಂದಿನ ಸೀಟಿನಲ್ಲಿ ಅಣ್ಣಾಜಿ, ಗಾಜು ಏರಿಸಿಕೊಂಡು. ದಿಲನಾಜ ಸಾಮಾನನ್ನೆಲ್ಲ ಆಗಲೇ ಗೂಡ್ಸ್ ಆಟೋಕ್ಕೆ ಏರಿಸಿದ್ದಳು. ಗಾಡಿ ನಿಂತದ್ದೇ ಅವಳ ಕಣ್ಣು ಅದರ ಮುಂಭಾಗಕ್ಕೆ ಹೋಯಿತು. ಬೋರ್ಡು ಜಾಳಿಗೆಯ ಮೇಲಿರಲಿಲ್ಲ. ಬಂಪರಿನ ಮೇಲೆ ಎರಡು ಹೊಸ ಕಬ್ಬಿಣದ ಕಾಲು ಬೆಸುಗೆ ಹಾಕಿಸಿ, ಅದನ್ನು ಪೂರಾ ಬದಿಗೆ ಸರಿಸಿ ನಿಲ್ಲಿಸಿದ್ದರು. ಗಾಡಿಯ ಮೂಗು, ಬಾಯಿ ತೆರೆದಿದ್ದವು.

ಅವಳು ಹೋಗಿ ಜಾಳಿಗೆಯ ಮುಂದೆ ಅಂಗೈ ಹಿಡಿದಳು. ಗಾಳಿ ಸರಾಗವಾಗಿ ಒಳಗೆ ಹೋಗುತ್ತಿತ್ತು. ಹಿಂದಿನ ಗಾಜನ್ನು ಬೆರಳಿನಿಂದ ತಟ್ಟಿ ಕೇಳಿದಳು: "ಈಗ ಹೀಟ್ ಹೆಂಗೈತ್ರಿ ಸಾಹೇಬ್ರ?"

ಗಾಜು ಇಳಿಯಲಿಲ್ಲ.

ಸುಭಾಷ ಒಂದು ಫಾರ್ಮು ಮುಂದೆ ಹಿಡಿದ. ಅದರಲ್ಲಿ ಆಗಲೇ ಅಚ್ಚಾಗಿತ್ತು: ಸ್ವಇಚ್ಛೆಯಿಂದ ಅಂಗಡಿ ಬಿಟ್ಟುಕೊಡುತ್ತಿದ್ದೇನೆ. "ಇಲ್ಲೊಂದು ಸಹಿ ಮಾಡವಾ. ಲಗೂ."

ದಿಲನಾಜ ಪೆನ್ನು ಇಸಿದುಕೊಂಡು ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಕೆಳಗೆ, ಪ್ರತಿ ಗಾಡಿಯ ಕೆಲಸದ ಚೀಟಿಯಲ್ಲಿ ಬರೆಯುವ ಹಾಗೆಯೇ ಬರೆದಳು: ಫ್ಯಾನು ಸರಿ ಇದೆ. ಬೋರ್ಡು ಗಾಳಿ ತಡೆದಿತ್ತು. ಈಗ ಬೋರ್ಡು ಸರಿಸಿದ್ದಾರೆ. ಗಾಡಿ ಕುದಿಯುವುದಿಲ್ಲ. ಸಹಿ ಹಾಕಿದಳು.

ಸುಭಾಷ ಓದಿದ. "ಇದನ್ನ ಯಾವ ಫೈಲಿನ್ಯಾಗ ಇಡಲೆವಾ ನಾನು?"

"ನಿಮ್ಮ ಸಂಘದಾಗ ಗಾಳಿ ಆಡೂ ಜಾಗ ಒಂದರ ಇದ್ರ, ಅಲ್ಲೇ ಇಡ್ರಿ."

"ದಿಲನಾಜ, ಸಾಕು, ಬಾ" ಎಂದ ಮಲಂಗಸಾಬ ಆಟೋದಿಂದ. ಮೀಟರು, ವೈರುಗಳ ಡಬ್ಬಿಯನ್ನು ನಡುಗುವ ಎರಡೂ ಕೈಗಳಿಂದ ತೊಡೆಯ ಮೇಲೆ ಹಿಡಿದು ಕೂತಿದ್ದ.

"ಫ್ಯಾನ್ ಸರಿ ಇತ್ತಿಲ್ಲೋ, ಅಬ್ಬಾ?"

"ಇತ್ತು."

"ಜೋರಾಗಿ ಹೇಳು."

ಮಲಂಗಸಾಬ ಸುತ್ತ ನೋಡಿದ. ಆರು ಅಂಗಡಿಗಳ ಬಾಗಿಲಲ್ಲಿ ಆರು ಜನ ನಿಂತು, ಹೊಸ ಕರಾರು ಜೇಬಿನಲ್ಲಿಟ್ಟುಕೊಂಡು, ಹೆದ್ದಾರಿಯ ಮೇಲೆ ಹೋಗುವ ಲಾರಿಗಳನ್ನು ನೋಡುತ್ತಿದ್ದರು. ಅವನು ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಒತ್ತಿ ಹಿಡಿದ.

ಅವಳು ಬೀಗದ ಕೈಯನ್ನು ಸುಭಾಷನ ಕೈಗಿಟ್ಟು ಆಟೋ ಹತ್ತಿದಳು. ಆಟೋದವನು ಇನ್ನೂ ಹಗ್ಗ ಬಿಗಿಯುತ್ತಿದ್ದ. ಆ ಹೊತ್ತಿಗೆ ಸುಭಾಷ ಅವಳು ಬರೆದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹರಿದು ಜೇಬಿಗೆ ಹಾಕಿಕೊಂಡ. ಇನ್ನೊಂದು ಫಾರ್ಮು ತೆಗೆದು, ಚಾಲೂ ಇದ್ದ ಬಿಳಿ ಗಾಡಿಯ ಬಾನೆಟ್ಟಿನ ಮೇಲೆ ಹರಡಿ, ಅವಳ ಸಹಿಯನ್ನು ಅವಳ ಕಣ್ಣೆದುರಿಗೇ ತಾನೇ ಹಾಕಿದ. ಆಮೇಲೆ ಸಾಕ್ಷಿ ಎಂದಿದ್ದ ಕಡೆ ಬೆರಳಿಟ್ಟು ಹೊಳಿಯಪ್ಪನನ್ನು ಕರೆದ.

ಹೊಳಿಯಪ್ಪ ಇಳಿದು ಬಂದ. ಎಡಗೈಯನ್ನು ಬಾನೆಟ್ಟಿನ ಮೇಲೆ ಊರಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ತನ್ನ ಹೆಸರು ಬರೆದ. ಬರೆದು ಮುಗಿಯುವವರೆಗೂ ಆ ಕೈ ಅಲ್ಲೇ ಇತ್ತು. ಸುಡುತ್ತಿದ್ದರೆ ಎತ್ತಿಕೊಳ್ಳುತ್ತಿದ್ದ.