ಕೈಗುಣ ನನ್ನದು

ನಾನು ಒಂದು ಮ್ಯಾಗ್ನೆಟಿಕ್ ಬೀಡ್. ಹೆಸರು ಕೇಳಿ ಗಾಬರಿಯಾಗಬೇಡಿ. ನೋಡಲು ಔಷಧದ ಅಂಗಡಿಯ ಕ್ಯಾಪ್ಸೂಲಿನ ಹಾಗಿದ್ದೇನೆ. ಹೊಟ್ಟೆಯಲ್ಲಿ ಅಯಸ್ಕಾಂತದ ಒಂದು ತುಂಡು, ಮೈಮೇಲೆ ಬಿಳಿ ಟೆಫ್ಲಾನ್ ಅಂಗಿ. ದೋಸೆ ಅಂಟದಿರಲಿ ಎಂದು ನಿಮ್ಮ ತವಾಕ್ಕೆ ಬಳಿಯುತ್ತಾರಲ್ಲ, ಅದೇ ಟೆಫ್ಲಾನ್. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ದ್ರಾವಣ ಕಲಕುವುದು ನನ್ನ ಉದ್ಯೋಗ. ನನ್ನನ್ನು ಬೀಕರಿನ ತಳಕ್ಕೆ ಬಿಟ್ಟು, ಆ ಬೀಕರನ್ನು ಸ್ಟಿರರ್ ಎಂಬ ಪೆಟ್ಟಿಗೆಯ ಮೇಲಿಡುತ್ತಾರೆ. ಪೆಟ್ಟಿಗೆಯೊಳಗೆ ಇನ್ನೊಂದು ಅಯಸ್ಕಾಂತ ತಿರುಗುತ್ತದೆ, ಅದರೊಂದಿಗೆ ನಾನೂ ಗಿರಗಿರ ತಿರುಗುತ್ತೇನೆ. ಓದಿದವರೆಲ್ಲ ಮೇಲಿನಿಂದ ಇಣುಕುತ್ತ ನಿಂತಿರುತ್ತಾರೆ, ಕೆಲಸ ನಡೆಯುವುದು ಮಾತ್ರ ತಳದಲ್ಲಿ.

ನಾನು ಹುಟ್ಟಿದ್ದು ಪುಣೆಯ ಆಚೆಗಿನ ಒಂದು ಕಾರ್ಖಾನೆಯಲ್ಲಿ. ಅಚ್ಚಿನಲ್ಲಿ ಹಾಕಿ, ಒತ್ತಿ, ಕಾಯಿಸಿ, ಮೈಯಲ್ಲಿ ಎಲ್ಲೂ ಹೊಲಿಗೆ ಕಾಣದಂತೆ ಮಾಡಿದರು. ಅಣ್ಣತಮ್ಮಂದಿರ ಜತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕೂತು, ಬಯಲುಸೀಮೆಯ ಒಂದು ವಿಶ್ವವಿದ್ಯಾಲಯಕ್ಕೆ ಬಂದೆ. ನಮ್ಮ ಜಾತಿಯವರಿಗೆ ಆಯುಸ್ಸು ಕಡಿಮೆ. ಬೀಕರು ತೊಳೆಯುವಾಗ ಮೈಮರೆತರೆ ಸಿಂಕಿನ ತೂತಿನಿಂದ ಜಾರಿ ಚರಂಡಿ ಸೇರುತ್ತೇವೆ. ನನ್ನ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಹಾಗೇ ಹೋದರು. ಉಳಿದವನು ನಾನೊಬ್ಬನೇ. ಅದಕ್ಕೇ ನನ್ನ ಮಾತಿನಲ್ಲಿ ಸ್ವಲ್ಪ ಜಂಬ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮೊದಲ ಯಜಮಾನ ಫಕೀರೇಶ. ಪಿಎಚ್.ಡಿ.ಗೆ ಬಂದಿದ್ದ ಗದಗಿನ ಕಡೆಯ ಹುಡುಗ, ಭಾರಿ ಮಾತುಗಾರ. ಅವನ ಕೆಲಸ ಪಲ್ಲೇಡಿಯಂ ಎಂಬ ಬೆಲೆಬಾಳುವ ಲೋಹದ ನ್ಯಾನೋ ಕಣಗಳನ್ನು ಮಾಡುವುದು. ನ್ಯಾನೋ ಕಣವೆಂದರೆ ಎಷ್ಟು ಸಣ್ಣದು ಎನ್ನುತ್ತೀರಾ? ನಿಮ್ಮ ತಲೆಗೂದಲೊಂದರ ದಪ್ಪದಲ್ಲಿ ಅವು ಸಾಲಾಗಿ ನಿಂತರೆ ಸಾವಿರಾರು ಹಿಡಿಸುತ್ತವೆ. ಪಲ್ಲೇಡಿಯಂ ಲವಣವನ್ನು ನೀರಿನಲ್ಲಿ ಕರಗಿಸಿದರೆ ತಿಳಿ ಹಳದಿ. ಅದಕ್ಕೆ ತಕ್ಕ ಪುಡಿ ಸೇರಿಸಿ ನಾನು ಸಮನಾಗಿ ಕಲಕಿದರೆ, ನೋಡನೋಡುತ್ತಿದ್ದಂತೆ ಕಾಫಿ ಕಷಾಯದ ಬಣ್ಣ. ಕಣಗಳು ಹುಟ್ಟಿದವು ಎಂದು ಅರ್ಥ. ಕಲಕುವುದು ಹದ ತಪ್ಪಿದರೆ ಅವು ಒಂದಕ್ಕೊಂದು ಅಂಟಿ ಗಂಟಾಗಿ ತಳಕ್ಕೆ ಕೂರುತ್ತವೆ. ನಾನು ಹದ ತಪ್ಪಿದವನಲ್ಲ.

ಸಣ್ಣದಾದರೆ ಲೋಹದ ಸ್ವಭಾವವೇ ಬೇರೆಯಾಗುತ್ತದೆ. ಚಿನ್ನ ಆ ಗಾತ್ರಕ್ಕೆ ಇಳಿದರೆ ದಾಳಿಂಬೆ ರಸದಂತೆ ಕೆಂಪಾಗುತ್ತದೆ. ಬೆಲ್ಲದ ಅಚ್ಚು ಕರಗಲು ತಡ, ಕುಟ್ಟಿದ ಬೆಲ್ಲ ಬೇಗ ಕರಗುತ್ತದಲ್ಲವೇ? ಹಾಗೆಯೇ ಲೋಹ ಸಣ್ಣದಾದಷ್ಟೂ ಹೊರಮೈ ಹೆಚ್ಚು, ಕೆಲಸ ಚುರುಕು. ಇಷ್ಟೇ ಇಷ್ಟು ಪಲ್ಲೇಡಿಯಂ ಕಣ, ಒಂದು ಬೀಕರಿನ ಬಣ್ಣದ ನೀರನ್ನು ತಿಳಿಯಾಗಿಸಬಲ್ಲದು. ಇದನ್ನೆಲ್ಲ ನಾನು ಕಲಿತದ್ದು ಪುಸ್ತಕದಿಂದಲ್ಲ, ಅದರಲ್ಲೇ ಮುಳುಗಿ ಎದ್ದು.

ಫಕೀರೇಶನ ಕೈಯಲ್ಲಿ ವರ್ಷಗಟ್ಟಲೆ ತಿರುಗಿದೆ. ಗಾಜಿನ ತಳಕ್ಕೆ ಉಜ್ಜಿ ಉಜ್ಜಿ ನನ್ನ ಅಂಗಿಯ ಮೇಲೆ ಗೀರುಗಳು ಬಿದ್ದವು, ಬಿಳಿ ಹೋಗಿ ಬೂದಿ ಬಣ್ಣ ಬಂತು. ಅವನು ನನ್ನನ್ನು ಸೋಪಿನ ನೀರಿನಲ್ಲಿ ತೊಳೆದು ಒರೆಸಿಡುತ್ತಿದ್ದ. ಅದರಿಂದ ನನ್ನ ಗೀರುಗಳೊಳಗೆ ಕೂತ ಕಣಗಳು ಏಳುತ್ತವೆಯೇ? ಅವನ್ನು ಎಬ್ಬಿಸಲು ಚಿನ್ನವನ್ನೇ ಕರಗಿಸುವ ಆಮ್ಲವೇ ಬೇಕು. ಆ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ. ಡಾಕ್ಟರೇಟ್ ಮುಗಿಸಿ ಕೆಲಸ ಸಿಕ್ಕಿ ಹೊರಟಾಗ, ಹಿರಿಯರು ಕಿರಿಯರಿಗೆ ಸಾಮಾನು ಒಪ್ಪಿಸುವ ಲ್ಯಾಬಿನ ಪದ್ಧತಿಯಂತೆ, ಅವನು ನನ್ನನ್ನು ಹೊಸದಾಗಿ ಸೇರಿದ್ದ ಮಹಾನಂದಾ ನೀಲಗಾರಳ ಅಂಗೈಗೆ ಹಾಕಿದ.

"ಜ್ವಾಕಿ. ಇದೊಂದ ಉಳದೈತಿ. ಕಳಕೊಂಡರ ಸೌಟು ತಗೊಂಡು ಕಲಕಬೇಕಾಗತೈತಿ," ಎಂದ.

ಮಹಾನಂದಾ ಕೆಂಪು ಕಲ್ಲಿನ ಗುಡ್ಡದ ಬುಡದ ನೇಕಾರರ ಊರಿನವಳು. ಅಪ್ಪ ವಿರೂಪಾಕ್ಷಪ್ಪನವರು ನೂಲಿಗೆ ಬಣ್ಣ ಹಾಕುವವರು. ಊರಿನ ಬಣ್ಣದ ಮನೆಗಳ ನೀರೆಲ್ಲ ಸೇರಿ ಹಳ್ಳ ಕೆಂಪಾಗಿ ಹರಿಯುತ್ತಿತ್ತಂತೆ. ಆ ನೀರಿನ ಬಣ್ಣ ತೆಗೆಯಬೇಕೆಂಬುದೇ ಅವಳ ಹಟ. ಪಲ್ಲೇಡಿಯಂ ಕೊಳ್ಳುವ ಶಕ್ತಿ ಬಣ್ಣಗಾರರಿಗೆ ಎಲ್ಲಿಂದ ಬರಬೇಕು? ಅದಕ್ಕೆ ಅವಳು ಕಬ್ಬಿಣ ಹಿಡಿದಳು. ಕುಸುಬೆ ಹೂವಿನ ಎಸಳು ಕುದಿಸಿ, ಸೋಸಿ, ಆ ಕಷಾಯವನ್ನು ಕಬ್ಬಿಣದ ಲವಣದ ನೀರಿಗೆ ಹನಿಹನಿಯಾಗಿ ಬಿಡುತ್ತಿದ್ದಳು. ನಾನು ಕಲಕಿದೆ. ನೀರು ಕಪ್ಪಗಾಯಿತು, ಕಬ್ಬಿಣದ ಕಣಗಳು ಹುಟ್ಟಿದವು. ಹುಟ್ಟಿದ ಕೂಡಲೇ ಅಯಸ್ಕಾಂತದ ವಾಸನೆ ಹಿಡಿದು ನನ್ನ ಮೈಗೆ ಮುತ್ತಿಕೊಂಡವು! ಉಜ್ಜಿ ಬಿಡಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗುತ್ತಿತ್ತು. ನನ್ನ ಮೈಯ ಬೂದಿ ಬಣ್ಣವೂ ಈ ಕಬ್ಬಿಣದ್ದೇ ಎಂದು ಅವಳು ತಿಳಿದಳು. ನಾನೂ ತಿದ್ದಲು ಹೋಗಲಿಲ್ಲ, ನನಗೆ ಬಾಯಿ ಎಲ್ಲಿದೆ?

ಆಮೇಲೆ ಪರೀಕ್ಷೆ. ಬೀಕರಿನಲ್ಲಿ ಕೆಂಪು ಬಣ್ಣದ ನೀರು, ಅದಕ್ಕೆ ಬೋರೋಹೈಡ್ರೈಡ್ ಎಂಬ ಬಿಳಿ ಪುಡಿ, ಮೇಲೊಂದು ಚಿಟಿಕೆ ಕಬ್ಬಿಣದ ಕಣ, ತಳದಲ್ಲಿ ನಾನು. ತಿರುಗಿದೆ. ಕೆಂಪು ಗುಲಾಬಿಯಾಯಿತು, ಗುಲಾಬಿ ಬಿಳುಪಾಯಿತು, ಕಡೆಗೆ ಕುಡಿಯುವ ನೀರಿನಂತೆ ತಿಳಿಯಾಯಿತು. ಮಹಾನಂದಾ ಚಪ್ಪಾಳೆ ತಟ್ಟಿಬಿಟ್ಟಳು. ಅವಳ ಗೈಡ್ ಯಲಿಗಾರ ಸರ್ ಓಡಿ ಬಂದರು. ಬೀಕರನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಮೇಲೇರಿಸಿ ನೋಡಿದರು.

ವಿಚಿತ್ರವೆಂದರೆ, ಅದೇ ಕಣ, ಅದೇ ಪುಡಿ ತೆಗೆದುಕೊಂಡು ಪಕ್ಕದ ಮೇಜಿನವರು ಮಾಡಿದರೆ ನೀರು ಕೆಂಪಾಗಿಯೇ ಇರುತ್ತಿತ್ತು. ಅವರೆಲ್ಲ ಬೇರೆ ಬೀಡ್ ಬಳಸುತ್ತಿದ್ದರು. ಮಹಾನಂದಾ ನನ್ನನ್ನು ಯಾರಿಗೂ ಕೊಡದೆ, ಕುಂಕುಮದ ಭರಣಿಯಲ್ಲಿ ಹತ್ತಿ ಹಾಕಿ ಇಟ್ಟುಕೊಂಡಿದ್ದಳು. ಯಲಿಗಾರ ಸರ್ ಇದಕ್ಕೆ ಕಾರಣ ಕಂಡುಹಿಡಿದಿದ್ದರು.

"ಕೈಗುಣ ಅಂತ ಒಂದ ಇರ್ತದ ನೋಡ್ರಿ. ಒಬ್ಬರು ಹೆಪ್ಪು ಹಾಕಿದ್ರ ಮೊಸರು ಗಟ್ಟಿ, ಇನ್ನೊಬ್ಬರು ಹಾಕಿದ್ರ ನೀರು. ನಮ್ಮ ಮಹಾನಂದಾನ ಕೈಗುಣಾನ ಬ್ಯಾರೆ!"

ಲ್ಯಾಬಿನವರೆಲ್ಲ ಒಪ್ಪಿದರು. ಯಾವುದಾದರೂ ಪ್ರಯೋಗ ಕೈಕೊಟ್ಟರೆ, "ಮಹಾನಂದಾ, ನೀ ಒಂದ್ಸಲ ಮುಟ್ಟಿಕೊಡು," ಎನ್ನುವವರೂ ಹುಟ್ಟಿಕೊಂಡರು. ಇಷ್ಟು ಓದಿದ ಜನ! ಭರಣಿಯೊಳಗೆ ಕೂತು ನಾನು ನಕ್ಕಿದ್ದೇ ನಕ್ಕಿದ್ದು. ಕೈಗುಣ ನನ್ನದು ಎಂದು ಕೂಗಿ ಹೇಳುವಷ್ಟು ಹೆಮ್ಮೆ ನನಗೆ. ಪ್ರಬಂಧ ಬರೆದು ವಿದೇಶದ ಪತ್ರಿಕೆಗೆ ಕಳಿಸಿದರು, ಅದು ಒಪ್ಪಿಗೆಯೂ ಆಯಿತು.

ಸುದ್ದಿ ಊರಿಗೆ ಮುಟ್ಟಿತು. ವಿರೂಪಾಕ್ಷಪ್ಪನವರು ಬಣ್ಣಗಾರರನ್ನೆಲ್ಲ ಕೂಡಿಸಿ, ಎಲ್ಲರ ನೀರೂ ಒಂದೆಡೆ ಸೇರಿ ತಿಳಿಯಾಗುವ ಹಾಗೆ ದೊಡ್ಡದೊಂದು ಟಾಕಿ ತೋಡೋಣವೆಂದರು. ಜಾಗ ಗೊತ್ತುಮಾಡಿ ಸುಣ್ಣದಲ್ಲಿ ಗೆರೆಯನ್ನೂ ಎಳೆದರು. ತೋಡುವ ಮೊದಲು ಮಗಳು ಬಂದು ಒಮ್ಮೆ ಮಾಡಿ ತೋರಿಸಲಿ ಎಂದು ತೀರ್ಮಾನವಾಯಿತು. ಮಹಾನಂದಾ ಕಣ, ಪುಡಿ, ಲ್ಯಾಬಿನ ಶುದ್ಧ ನೀರಿನ ಕ್ಯಾನು ಎಲ್ಲ ಕಟ್ಟಿಕೊಂಡು ಹೊರಟಳು. ಬಕೆಟ್ ಕಲಕಲು ನೂಲು ಅದ್ದುವ ಬಿದಿರ ಕೋಲು ಅಲ್ಲೇ ಇತ್ತಲ್ಲ, ನನ್ನನ್ನು ಮೇಜಿನ ಮೇಲೇ ಬಿಟ್ಟಳು. ನನಗೆ ಅವಮಾನವಾಯಿತು.

ಮರಳಿ ಬಂದವಳ ಮುಖದಲ್ಲಿ ಕಳೆಯೇ ಇರಲಿಲ್ಲ. ಅಲ್ಲಿ ನಡೆದದ್ದನ್ನು ಅವಳು ಯಲಿಗಾರ ಸರ್‌ಗೆ ಹೇಳುವಾಗ ನಾನು ಕೇಳಿಸಿಕೊಂಡೆ.

"ಏನೂ ಆಗಲಿಲ್ರಿ ಸರ್. ನೀರು ಹೆಂಗಿತ್ತೊ ಹಂಗ ನಿಂತಿತ್ತು. ಎಲ್ಲಾರೂ ಸುತ್ತ ನಿಂತಿದ್ರು."

"ಊರ ನೀರು ಗಡಸ ಇರ್ತದವಾ. ಉಪ್ಪು, ಸುಣ್ಣ..."

"ಇನ್ನೊಂದು ಬಕೀಟಿಗೆ ನಮ್ಮ ಲ್ಯಾಬಿನ ನೀರ ಹಾಕಿ ಬಣ್ಣ ಕಲಸಿದ್ನಿರಿ. ಅದೂ ಆಗಲಿಲ್ಲ." ಅವಳೇ ಮುಂದುವರಿಸಿದಳು. "ಕೈ ನಂದ ಇತ್ತಲ್ರಿ ಸರ್. ಕೈಯಾಗ ಗುಣ ಇದ್ದಿದ್ರ ಅಲ್ಲೂ ಆಗಬೇಕಿತ್ತು. ಇಲ್ಲಿದ್ದದ್ದು ಅಲ್ಲಿ ಏನ ಇರಲಿಲ್ಲ?"

ಕೇಳಿದವಳೇ ಮೇಜಿನ ಕಡೆ ತಿರುಗಿದಳು. ಅವಳ ಕಣ್ಣು ನನ್ನ ಮೇಲೆ ನಿಂತಿತು.

ಎರಡು ಬೀಕರಿಗೆ ಕೆಂಪು ನೀರು, ಬಿಳಿ ಪುಡಿ ಹಾಕಿದಳು. ಒಂದಕ್ಕೆ ಅವಳ ಕಬ್ಬಿಣದ ಕಣ, ಜತೆಗೆ ಪೊಟ್ಟಣ ಒಡೆದ ಹೊಚ್ಚ ಹೊಸ ಬೀಡ್. ಇನ್ನೊಂದಕ್ಕೆ ಕಣವೇ ಇಲ್ಲ, ನಾನೊಬ್ಬನೇ. ಸ್ಟಿರರ್ ಚಾಲೂ ಆಯಿತು. ಹೊಸಬನ ನೀರು ಕೆಂಪಾಗಿಯೇ ಸುತ್ತುತ್ತಿತ್ತು. ನನ್ನದು ಗುಲಾಬಿಯಾಯಿತು, ಬಿಳುಪಾಯಿತು, ತಿಳಿಯಾಯಿತು. ಯಾರ ಹಂಗೂ ಇಲ್ಲದೆ, ಒಬ್ಬನೇ ಮಾಡಿ ತೋರಿಸಿದೆ! ನನ್ನ ಬದುಕಿನಲ್ಲಿ ಅಂಥ ಗೆಲುವಿನ ದಿನ ಇನ್ನೊಂದಿಲ್ಲ. ಮೇಲೆ ನೋಡಿದರೆ ಮಹಾನಂದಾ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಆಗ ನನ್ನ ಗೆಲುವು ನನಗೇ ರುಚಿಸಲಿಲ್ಲ.

ಯಲಿಗಾರ ಸರ್ ಕುರ್ಚಿ ಎಳೆದು ಕೂತರು. ಪ್ರಬಂಧದ ಮೇಲೆ ಅವರ ಹೆಸರೂ ಇತ್ತು, ನಿವೃತ್ತಿಗೆ ಮುನ್ನ ಅವರ ದೊಡ್ಡ ಕೆಲಸ ಅದು.

"ಇದನ್ನ ತೊಳದ ಇಟ್ಟಬಿಡವಾ," ಎಂದರು ಮೆಲ್ಲಗೆ. "ನೀ ಕಂಡದ್ದನ್ನ ಬರದಿ, ಸುಳ್ಳ ಬರದಿಲ್ಲ. ಥೀಸಿಸ್ ಆಗ್ತದ. ಯಾರಿಗೆ ಗೊತ್ತಾಗೂದದ?"

"ಬಕೀಟಿನ್ಯಾಗಿನ ನೀರಿಗೆ ಗೊತ್ತಾಗತೈತಲ್ರಿ ಸರ್," ಎಂದಳು ಮಹಾನಂದಾ.

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಕಂಪ್ಯೂಟರ್ ಮುಂದೆ ಕೂತು, ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತೇವೆಂದು ಪತ್ರಿಕೆಗೆ ತಾವೇ ಬರೆದರು. ಮಹಾನಂದಾ ಅಪ್ಪನಿಗೆ ಫೋನ್ ಮಾಡಿ, ತಾನು ಹೇಳುವವರೆಗೆ ಟಾಕಿಗೆ ಗುದ್ದಲಿ ಮುಟ್ಟಿಸಬೇಡಿ ಎಂದಳು. ಕಬ್ಬಿಣವನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿ, ಹೊಸ ಬೀಡ್ ಹಾಕಿ, ಮತ್ತೊಂದು ವರ್ಷ ದುಡಿದಳು, ನೀರು ಕೆಂಪಾಗಿಯೇ ಉಳಿಯಿತು. ನನ್ನ ಅಂಗಿಯಿಂದ ತೆಳುವಾದ ಒಂದು ಸಿಪ್ಪೆ ಹೆರೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಯ್ದಳು. ಅಯಸ್ಕಾಂತ ಒಳಗೆ ಬಂದರೆ ಯಂತ್ರ ಕೆಡುತ್ತದೆಂದು ನನ್ನನ್ನು ಬಾಗಿಲಲ್ಲೇ ತಡೆದರು, ಅದಕ್ಕೆ ಸಿಪ್ಪೆ. ನನ್ನ ಗೀರಿನೊಳಗೆ ಪಲ್ಲೇಡಿಯಂ ಕಣಗಳು ಜೋಳದ ತೆನೆಯ ಕಾಳುಗಳಂತೆ ಒತ್ತೊತ್ತಾಗಿ ಕೂತಿದ್ದವು. ಆ ಚಿತ್ರ ಅವಳ ಥೀಸಿಸ್‌ನಲ್ಲಿ ಇಡೀ ಪುಟ ತುಂಬಿದೆ. ನನ್ನಷ್ಟು ಚೆಂದದ ಭಾವಚಿತ್ರ ಕುಲಪತಿಗಳದ್ದೂ ಇಲ್ಲ.

ಮೌಖಿಕ ಪರೀಕ್ಷೆಯ ದಿನ ಸಭಾಂಗಣದ ಕೊನೆಯ ಸಾಲಿನಲ್ಲಿ ವಿರೂಪಾಕ್ಷಪ್ಪನವರು ಕೂತಿದ್ದರು. ಜತೆಗೆ ಊರಿನ ಬಣ್ಣಗಾರರು, ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು, ನೀಲಿ. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಇಷ್ಟು ವರ್ಷ ಮಾಡಿ ನೀವು ಕಂಡುಕೊಂಡಿದ್ದೇನಮ್ಮಾ?" ಎಂದು ಕೇಳಿದರು.

"ಕುಸುಬಿ ಹೂವಿನ ಕಬ್ಬಿಣಕ್ಕ ಬಣ್ಣ ತೆಗಿಯೂ ಶಕ್ತಿ ಇಲ್ಲ ಅಂತ ಕಂಡಕೊಂಡೆರಿ. ತೆಗೀತಿದ್ದದ್ದು ಇದು," ಎಂದು ಮಹಾನಂದಾ ನನ್ನನ್ನು ಎತ್ತಿ ಹಿಡಿದಳು.

ಸಭಿಕರು ಏನಾದರೂ ಕೇಳುವುದಿದ್ದರೆ ಕೇಳಬಹುದೆಂದು ಅಧ್ಯಕ್ಷರು ಪದ್ಧತಿಯಂತೆ ಹೇಳಿದರು. ಸಾಮಾನ್ಯವಾಗಿ ಯಾರೂ ಏಳುವುದಿಲ್ಲ. ವಿರೂಪಾಕ್ಷಪ್ಪನವರು ಎದ್ದರು.

"ಸುಣ್ಣದ ಗೆರಿ ಹಾಕೇವವಾ. ಟಾಕಿ ತೋಡೂದೊ, ಬ್ಯಾಡೊ?"

ಅವಳ ಬೆರಳುಗಳು ನನ್ನ ಸುತ್ತ ಬಿಗಿಯಾದವು.

"ಬ್ಯಾಡಪ್ಪಾ. ಆಗತೈತಿ ಅಂತ ನಾನ ಹೇಳಿದ್ದೆ. ಅದು ತಪ್ಪಿತ್ತು."

ಅವರು ಪಕ್ಕದವರ ಮುಖ ನೋಡಿ, ಮತ್ತೆ ಮಗಳತ್ತ ತಿರುಗಿದರು. "ಹಂಗಾರ ಗೆರಿ ಅಳಸ್ತೀವಿ. ನೀ ಇನ್ನೊಂದ ಹುಡಕವಾ," ಎಂದು ಕೂತರು. ಮೊದಲು ಚಪ್ಪಾಳೆ ತಟ್ಟಿದವರು ಯಲಿಗಾರ ಸರ್.

ಈಗ ನನಗೆ ವಯಸ್ಸಾಗಿದೆ. ಯಲಿಗಾರ ಸರ್ ತಮ್ಮ ಮೇಜಿನ ಮೇಲೆ ನನ್ನನ್ನು ತೊಳೆಯದೆ ಗಾಜಿನ ಸೀಸೆಯಲ್ಲಿಟ್ಟಿದ್ದಾರೆ. ಹೊಸಬರು ಬಂದರೆ ಮೊದಲು ನನ್ನ ಪರಿಚಯ ಮಾಡಿಸಿ, ಆಮೇಲೆ ಬೀಡ್‌ಗಳನ್ನು ಆಮ್ಲದಲ್ಲಿ ನೆನೆಸಲು ಕಳಿಸುತ್ತಾರೆ. ಮಹಾನಂದಾ ತನ್ನೂರಿನ ಹತ್ತಿರದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹಳ್ಳ ಇನ್ನೂ ಕೆಂಪಾಗಿಯೇ ಹರಿಯುತ್ತಿದೆಯಂತೆ, ಅವಳೂ ಹುಡುಕುತ್ತಲೇ ಇದ್ದಾಳಂತೆ. ಮೊನ್ನೆ ಸರ್ ಅನ್ನು ನೋಡಲು ಬಂದಾಗ ಹೇಳಿದಳು: ಈಗ ಅವಳು ಪ್ರಯೋಗವನ್ನು ಬೀಕರಿನಲ್ಲಿ ಶುರುಮಾಡುವುದೇ ಇಲ್ಲ. ಅಪ್ಪನ ಬಣ್ಣದ ಮನೆಯಲ್ಲಿ, ಬಕೆಟಿನಲ್ಲಿ, ಬಿದಿರ ಕೋಲಿನಿಂದ ಕಲಕಿಯೇ ಶುರು. ಅಲ್ಲಿ ನನ್ನಂಥವರಿಗೆ ಕೆಲಸವಿಲ್ಲ. ಕೇಳಿ ನನಗೆ ಹೆಮ್ಮೆಯಾಯಿತು. ನನಗಿಂತ ಒಂದು ಕೋಲು ಮೇಲೆಂದು ನಾನು ಒಪ್ಪಿಕೊಂಡದ್ದು ಅದೊಂದೇ ಸಲ.