ಕಣ್ಣು ತಪ್ಪಿಸಿ

"ಮೈಕಾ, ಅಲ್ಲಿ ನೋಡು, ಮೀನು!" ಎಂದು ಜಯಲಕ್ಷ್ಮಿ ಇಂಗ್ಲಿಷಿನಲ್ಲೇ ರಾಗ ಎಳೆದು, ಎರಡೂವರೆ ವರ್ಷದ ಹುಡುಗನನ್ನು ಗಾಜಿನ ತೊಟ್ಟಿಯ ಕಡೆ ತಿರುಗಿಸಿದಳು. ಅವನು ಬಾಯಿ ತೆರೆದು ಮೀನನ್ನೇ ನೋಡುತ್ತಿದ್ದಾಗ ಅವನ ಅಜ್ಜಿಗೆ ಬಾಗಿಲಿನತ್ತ ಕಣ್ಸನ್ನೆ ಮಾಡಿದಳು. ಈಗ ಹೊರಟುಬಿಡಿ ಎನ್ನುವಂತೆ.

ಡೋರೀನ್ ಅಜ್ಜಿ ಏಳಲಿಲ್ಲ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವಂತೆ ಕೂತು, ಸನ್ನೆ ಮಾಡಿದವಳನ್ನೇ ದಿಟ್ಟಿಸಿದಳು.

ಅರೋರಾ ಊರಿನ ಆ ಡೇಕೇರಿಗೆ ಅಜ್ಜಿ, ಮೊಮ್ಮಗ ಬಂದಿದ್ದು ಇದು ಮೂರನೆಯ ಬೆಳಿಗ್ಗೆ. ಸೋಮವಾರ ಮೈಕಾನ ತಾಯಿ ಹೊಸ ಕೆಲಸಕ್ಕೆ ಸೇರಬೇಕು. ಅಷ್ಟರಲ್ಲಿ ಅವನು ಇಲ್ಲಿಗೆ ಹೊಂದಿಕೊಳ್ಳಬೇಕು. "ನನಗೆ ಸರಿ ಕಾಣದಿದ್ದರೆ ಕರೆದುಕೊಂಡು ಹೋಗುತ್ತೇನೆ. ಮಗಳು ಕೆಲಸ ಬಿಟ್ಟರೂ ಪರವಾಗಿಲ್ಲ" ಎಂದು ಅಜ್ಜಿ ಮೊದಲ ದಿನವೇ ಹೇಳಿದ್ದಳು. ಅವಳು ಅನಿಶಿನಾಬೆ ಜನದವಳು. ಈ ದೇಶದ ಇಂಥ ಮೂಲನಿವಾಸಿಗಳ ಮಕ್ಕಳನ್ನು ಹಿಂದೆ ಸರ್ಕಾರವೇ ಮನೆಗಳಿಂದ ಒಯ್ದು ದೂರದ ವಸತಿಶಾಲೆಗಳಲ್ಲಿ ಇಟ್ಟಿತ್ತೆಂದು ಹೋದ ತಿಂಗಳ ತರಬೇತಿಯಲ್ಲಿ ಟೀಚರುಗಳಿಗೆಲ್ಲ ಹೇಳಿದ್ದರು. ಆಮೇಲೆ ಗೋಡೆಗೆ ಅವರೊಂದಿಗೆ ಸಾಮರಸ್ಯ ಸಾರುವ ಪೋಸ್ಟರು ಬಂದಿತ್ತು. ಅಜ್ಜಿ ಅದನ್ನು ಒಮ್ಮೆ ಓದಿ, ಅದಕ್ಕೆ ಬೆನ್ನು ಮಾಡಿ ಕೂತಿದ್ದಳು.

"ಇವತ್ತೂ ಹೋಗೂ ಹಂಗ ಕಾಣವಲ್ರು ಅಕ್ಕಾರ," ಜೊತೆಯ ಟೀಚರ್, ಹುಬ್ಬಳ್ಳಿಯ ಪ್ರಕೃತಿ ಪಿಸುಗುಟ್ಟಿದಳು. "ಕಳ್ಳರನ್ನ ಕಾದಂಗ ಕಾಯಾಕತ್ತಾರ ನೋಡ್ರಿ ನಮ್ಮನ್ನ."

"ಮೆತ್ತಗೆ ಮಾತಾಡೇ. ಕಂಪ್ಲೇಂಟ್ ಕೊಡಕ್ಕೇ ಕೂತಿದಾರೋ ಏನೋ," ಎಂದಳು ಮೈಸೂರಿನ ಜಯಲಕ್ಷ್ಮಿ. "ನಿನ್ನೆ ಡಯಾಪರ್ ಚೇಂಜ್ ಮಾಡೋವಾಗ್ಲೂ ಪಕ್ಕದಲ್ಲೇ ಬಂದು ನಿಂತ್ಬಿಟ್ರು."

"ಅದು ಯಾವ ಭಾಷೆ?" ಅಜ್ಜಿ ಕೇಳಿದಳು. ಅವಳ ಕೈಗಳು ಬೇರೆ ಯಾರದೋ ಮಗುವಿನ ಬಿಚ್ಚಿದ ಶೂ ಲೇಸನ್ನು ಕಟ್ಟುತ್ತಿದ್ದವು. ಕಣ್ಣು ಮಾತ್ರ ಇವರ ಮೇಲಿತ್ತು. "ನನ್ನ ಬಗ್ಗೆ ತಾನೇ?"

ಪ್ರಕೃತಿ ಬಗ್ಗಿ, ಬಿದ್ದಿರದ ಆಟಿಕೆಗಳನ್ನೂ ಎತ್ತಿಡತೊಡಗಿದಳು. ಜಯಲಕ್ಷ್ಮಿ ಅಜ್ಜಿಯ ಎದುರು ಬಂದು ನಿಂತಳು.

"ಕನ್ನಡ. ಹೌದು, ನಿಮ್ಮ ಬಗ್ಗೆಯೇ. ನೀವು ಹೋಗುತ್ತಿಲ್ಲವಲ್ಲ ಅಂತ."

"ಹೋಗು ಅಂತ ಸನ್ನೆ ಮಾಡಿದ್ದೂ ನೋಡಿದೆ. ಅವನ ಬೆನ್ನ ಹಿಂದೆ."

"ಅಳಬಾರದು ಅಂತ ಅಷ್ಟೇ. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತೇವೆ. ಮಗುವಿಗೆ ಕಾಗೆ ತೋರಿಸುವುದು, ಅಮ್ಮ ಮೆಲ್ಲಗೆ ಜಾರಿಕೊಳ್ಳುವುದು."

ಅಜ್ಜಿ ಲೇಸಿನ ಗಂಟನ್ನು ಬಿಗಿದಳು. "ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಕಾರಿನಲ್ಲಿ ಬಂದ ಸರ್ಕಾರದವರು ನಾಯಿಮರಿ ತಂದಿದ್ದರು. ನಾನು ಮರಿಯನ್ನೇ ನೋಡುತ್ತಿದ್ದೆ. ತಲೆ ಎತ್ತಿದರೆ ಅಣ್ಣ ಇಲ್ಲ, ಕಾರೂ ಇಲ್ಲ." ಆ ಮಗುವನ್ನು ಆಡಲು ಕಳಿಸಿ ಹೇಳಿದಳು: "ಅವರೂ ನಿನ್ನ ಹಾಗೆಯೇ ನಗುನಗುತ್ತಾ ಮಾತಾಡಿದ್ದರು."

ಜಯಲಕ್ಷ್ಮಿ ಮೀನಿನ ತೊಟ್ಟಿಯ ಮುಂದೆ ನಿಂತಿದ್ದ ಮೈಕಾನನ್ನು ನೋಡಿದಳು.

"ಹಾಗಾದರೆ ಅವನಿಗೆ ಹೇಳಿಯೇ ಹೋಗಿ," ಎಂದಳು.

"ಅಳುತ್ತಾನೆ."

"ಅಳಲಿ. ಎತ್ತಿಕೊಂಡಿರುತ್ತೇನೆ."

"ಮೀನು ತೋರಿಸಬಾರದು."

"ತೋರಿಸುವುದಿಲ್ಲ."

ಅಜ್ಜಿ ನಂಬಿದಂತೆ ಕಾಣಲಿಲ್ಲ. ಆದರೂ ಮೈಕಾನನ್ನು ಕರೆದು, ನೆಲಕ್ಕೆ ಮಂಡಿಯೂರಿ, ನೀನು ಮಲಗಿ ಎದ್ದ ಮೇಲೆ ಬರುತ್ತೇನೆ ಎಂದಳು. ಆಮೇಲೆ ತನ್ನ ಭಾಷೆಯಲ್ಲಿ ಇನ್ನೇನೋ ಹೇಳಿದಳು. ಅದು ಟೀಚರುಗಳಿಬ್ಬರಿಗೂ ತಿಳಿಯಲಿಲ್ಲ.

ಬಾಗಿಲು ಮುಚ್ಚುತ್ತಲೇ ಹುಡುಗ ಕಿರುಚಿದ. ಜಯಲಕ್ಷ್ಮಿ ಅವನನ್ನು ಎತ್ತಿಕೊಂಡು ಕಿಟಕಿಗೆ ಹೋದಳು. ಪ್ರಕೃತಿ ಅಭ್ಯಾಸಬಲದಿಂದ ಗಿಲಕಿ ತಂದು ಆಡಿಸಹೋದಳು.

"ಬೇಡ ಕಣೇ. ನೋಡ್ಲಿ ಅವನು."

ಅಜ್ಜಿ ಪಾರ್ಕಿಂಗ್ ಜಾಗವನ್ನು ಹಿಂದುಹಿಂದಕ್ಕೆ ನಡೆದೇ ದಾಟಿದಳು, ಮುಖ ಕಿಟಕಿಯ ಕಡೆಗೇ. ಯಂಗ್ ಸ್ಟ್ರೀಟಿನ ಸ್ಟಾಪಿನಲ್ಲಿ ನಿಂತಳು. ಬಸ್ಸೊಂದು ಬಂದು ಅವಳನ್ನು ಮರೆಮಾಡಿತು. ಮೈಕಾ ಒದ್ದಾಡಿದ, ಅವನ ಶೂ ಜಯಲಕ್ಷ್ಮಿಯ ಹೊಟ್ಟೆಗೆ ಬಡಿಯಿತು. ಬಸ್ಸು ಹೋಯಿತು. ಅಜ್ಜಿ ಅದನ್ನು ಹತ್ತದೆ ಅಲ್ಲೇ ನಿಂತಿದ್ದಳು, ಇತ್ತಲೇ ನೋಡುತ್ತಾ.

ಅಳು ಬಿಕ್ಕಳಿಕೆಯಾಗಿ ಇಳಿಯತೊಡಗಿತು. ತಿರುವಿನಲ್ಲಿ ಇನ್ನೊಂದು ಬಸ್ಸು ಕಾಣಿಸಿತು. ಜಯಲಕ್ಷ್ಮಿಯ ತೋಳು ಜೋಮು ಹಿಡಿದಿತ್ತು. ಅವಳು ಹುಡುಗನನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿ ಗಾಜಿಗೆ ಹತ್ತಿರ ಹಿಡಿದಳು.